ಉಡಾಳರಿಗೆ ‘ಎರಡನೇ ಭಾಗ’ ಯಾವಾಗ್ರಿ?

ಒಂದು ಪಿಕ್ಚರ್ ಗೆದ್ದರೆ ಅದರ ಬಾಲಕ್ಕೆ ‘2’ ಅಂತ ಅಂಟಿಸಿ ಮತ್ತೆ ಮಾರುವುದು ಸಿನಿಮಾ ಮಂದಿಯ ಹಳೇ ವ್ಯಾಪಾರ. ನಮ್ಮ ಬಜಾರಿನ ಸೌಕಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಹಾಪುಡಿ ಓಡಿದರೆ ಮರುವರ್ಷ ಅದರದೇ ‘ಸ್ಪೆಷಲ್’ ಬರುತ್ತದೆ. ಪೊಟ್ಟಣ ಬೇರೆ, ಒಳಗಿನ ಸರಕು ಅದೇ. ಹಾಗಾಗಿ ‘ಎರಡನೇ ಭಾಗ’ ಅಂದ ಕೂಡಲೇ ಗಿರಾಕಿ ಮೂಗು ಮುರಿದರೆ ತಪ್ಪಲ್ಲ.

ಆದರೂ ಒಂದು ‘2’ರ ಪರವಾಗಿ ಇವತ್ತು ನಾಲ್ಕು ಮಾತು ಆಡಲೇಬೇಕು. ಅದು ಯೋಗರಾಜ ಭಟ್ಟರ ‘ಗಾಳಿಪಟ 2’. 2022ರ ಆಗಸ್ಟ್ 12ರಂದು ತೆರೆಗೆ ಬಂದ ಚಿತ್ರ. ‘ಇಷ್ಟು ದಿನ ಬಿಟ್ಟು ಈಗ ಯಾಕೋ ತಮ್ಮಾ?’ ಎಂದು ಕೇಳುವವರಿಗೆ ಉತ್ತರ ಇದೆ. ಪ್ರತಿ ವರ್ಷ ಪರೀಕ್ಷೆಯ ರಿಸಲ್ಟ್ ಬಂದಾಗ ನಮ್ಮ ಜಿಲ್ಲೆಯ ಹೆಸರು ಪೇಪರಿನಲ್ಲಿ ಎಲ್ಲಿ ಇರುತ್ತದೆ ಅಂತ ನಿಮಗೂ ಗೊತ್ತು, ನಮಗೂ ಗೊತ್ತು. ಹಾಗೆ ಬಂದಾಗಲೆಲ್ಲ ಈ ಪಿಕ್ಚರ್ ನೆನಪಿಗೆ ಬರುತ್ತದೆ. ಯಾಕೆಂದರೆ ನಗಿಸುವ ನೆವದಲ್ಲಿ ಅದು ಕೇಳಿದ ಪ್ರಶ್ನೆ ಬರೋಬ್ಬರಿ ನಮ್ಮ ಯಾದಗಿರಿ, ಶಹಾಪುರ, ಸುರಪುರಕ್ಕೆ ಕೇಳಿದ ಪ್ರಶ್ನೆ.

ಈ ಅಂಕಣಕಾರ ಭಟ್ಟರ ಅಭಿಮಾನಿ. ಅದನ್ನು ಮೊದಲೇ ಹೇಳಿಬಿಡುವುದು ಛಲೋ. ಆದರೆ ಅಭಿಮಾನಿ ಅಂದ ಮಾತ್ರಕ್ಕೆ ಕಣ್ಣು ಕಟ್ಟಿಕೊಂಡು ಕೂತಿಲ್ಲ. ಹೊಗಳುವುದನ್ನು ಹೊಗಳಿ, ಬೈಯುವುದನ್ನು ಬೈದೇ ಮುಂದೆ ಹೋಗೋಣ.

ಮೊದಲನೇ ಪಟ

ಮೊದಲ ‘ಗಾಳಿಪಟ’ ಬಂದದ್ದು 2008ರ ಜನವರಿಯಲ್ಲಿ. ಅದರ ಹಿಂದೆಯೇ, 2006ರ ವರ್ಷದ ಕೊನೆಗೆ ಬಂದ ‘ಮುಂಗಾರು ಮಳೆ’ ಇಡೀ ರಾಜ್ಯವನ್ನು ನೆನೆಸಿ ಹೋಗಿತ್ತು. ಗಣೇಶ್ ಅವರನ್ನು ಮಂದಿ ಮನೆ ಹುಡುಗ ಅಂತ ಒಪ್ಪಿಕೊಂಡಿದ್ದರು. ಅದೇ ಗಣೇಶ್, ಜೊತೆಗೆ ದಿಗಂತ್, ಮತ್ತೆ ಗಾಯಕ ರಾಜೇಶ್ ಕೃಷ್ಣನ್. ಮೂವರು ಪಟ್ಟಣದ ಹುಡುಗರು ಬೇಸರ ಬಂತೆಂದು ಮುಗಿಲುಪೇಟೆ ಅನ್ನುವ ಊರಿಗೆ ಹೋಗುತ್ತಾರೆ. ಮಳೆ, ಮಂಜು, ಹಂದಿ ಬೇಟೆ, ಮೂರು ಪ್ರೀತಿ. ಇಷ್ಟೇ ಕಥೆ.

ಇಷ್ಟೇ ಆದರೂ ಅದು ಓಡಿತು. ಯಾಕೆ ಅಂತೀರಿ? ಆ ಮೂವರಿಗೆ ಮಾಡಲು ಏನೂ ಕೆಲಸ ಇರಲಿಲ್ಲ, ಮಾಡಬೇಕು ಅನ್ನುವ ಅವಸರವೂ ಇರಲಿಲ್ಲ. ಅವರು ಮಾತಾಡುತ್ತಿದ್ದರು, ಅಷ್ಟೇ. ಮಾತಿನ ಮೇಲೆ ಮಾತು, ಮಾತಿಗೆ ಉಲ್ಟಾ ಮಾತು. ನಮ್ಮ ಕಡೆ ಇಂಥವರಿಗೆ ‘ಉಡಾಳ’ ಅಂತೀವಿ. ತಾಯಿ ಬೈಯುವಾಗ ಅದು ಬೈಗುಳ, ಗೆಳೆಯ ಕರೆಯುವಾಗ ಅದೇ ಬಿರುದು. ಬಸ್ ಸ್ಟ್ಯಾಂಡ್ ಮುಂದೆ, ಚಾದಂಗಡಿ ಬೆಂಚಿನ ಮೇಲೆ, ಹನುಮಪ್ಪನ ಗುಡಿಕಟ್ಟೆಯ ಮೇಲೆ ಕೂತ ಹುಡುಗರು ತೆರೆಯ ಮೇಲೆ ತಮ್ಮನ್ನೇ ನೋಡಿಕೊಂಡರು. ‘ಖಾಲಿ ಕುಂದ್ರೋದ್ರಾಗೂ ಒಂದು ಮಜಾ ಅದ’ ಅಂತ ಮೊದಲ ಸಲ ಒಬ್ಬ ಡೈರೆಕ್ಟರ್ ಅವರಿಗೆ ಹೇಳಿದ್ದ.

ಆಗ ನಮಗೆ ಯಾದಗಿರಿ ಜಿಲ್ಲೆ ಅಂತಲೂ ಇರಲಿಲ್ಲ. ನಾವು ಗುಲಬರ್ಗಾ ಜಿಲ್ಲೆಯ ಮೂಲೆಯ ತಾಲೂಕುಗಳು. ಜಿಲ್ಲೆ ಆದದ್ದು 2009ರ ಡಿಸೆಂಬರ್‌ನಲ್ಲಿ. ಪಟ ಹಾರಿಸಿದ ಹುಡುಗರಿಗೆ ಆಗ ಹದಿನೆಂಟು, ಇಪ್ಪತ್ತು. ‘ಜಿಲ್ಲಾ ಆಯ್ತು, ಆಫೀಸ್ ಬರ್ತಾವ, ನೌಕರಿ ಬರ್ತಾವ’ ಅಂತ ಹಿರಿಯರು ಹೇಳಿದರು. ಹುಡುಗರು ಕಟ್ಟೆಯ ಮೇಲೆ ಕೂತು ಕಾದರು.

ಎರಡನೇ ಪಟ

ಹದಿನಾಲ್ಕು ವರ್ಷದ ಮೇಲೆ ‘ಗಾಳಿಪಟ 2’ ಬಂತು. ಇಲ್ಲಿ ಒಂದು ವಿಚಿತ್ರ ನೋಡಿ. ಹಳೇ ಕಥೆ ಮುಂದುವರಿದಿಲ್ಲ, ಹಳೇ ವಯಸ್ಸು ಮಾತ್ರ ಮುಂದುವರಿದಿದೆ. ಗಣೇಶ್ ಹುಟ್ಟಿದ್ದು 1978ರಲ್ಲಿ, ಅಂದರೆ ಚಿತ್ರ ಬಂದಾಗ 44. ದಿಗಂತ್ ನಲವತ್ತರ ಹೊಸ್ತಿಲಲ್ಲಿ. ರಾಜೇಶ್ ಕೃಷ್ಣನ್ ಜಾಗಕ್ಕೆ ಪವನ್ ಕುಮಾರ್ ಬಂದರು. ಮಂದಿಯಿಂದ ದುಡ್ಡು ಕೂಡಿಸಿ 2013ರಲ್ಲಿ ‘ಲೂಸಿಯಾ’ ಮಾಡಿದ ನಿರ್ದೇಶಕರೇ ಇವರು. ಅವರೂ ನಲವತ್ತರ ಹತ್ತಿರದವರೇ.

ಇಂಥ ಮೂವರು ಎಲ್ಲಿಗೆ ಹೋಗುತ್ತಾರೆ? ಈ ಸಲ ಹಂದಿ ಬೇಟೆಗಲ್ಲ. ನೀರುಕೋಟೆ ಅನ್ನುವ ಊರಿನ ಕಾಲೇಜಿಗೆ. ಅದೂ ಕನ್ನಡ ಕಲಿಯಲು! ಮೀಸೆ ಬಂದು, ಹೊಟ್ಟೆ ಬಂದು, ತಲೆಯಲ್ಲಿ ಬಿಳಿಕೂದಲು ಇಣುಕುವ ಹೊತ್ತಿಗೆ ಬೆಂಚಿನ ಮೇಲೆ ಕೂತು ಮೇಷ್ಟ್ರ ಪಾಠ ಕೇಳುತ್ತಾರೆ. ಪರೀಕ್ಷೆಯನ್ನೇ ಬೈಯುವ ಒಂದು ಹಾಡು ಬೇರೆ ಇದೆ. ಫೇಲಾದ ಮಂದಿಗೆಲ್ಲ ಅದು ನಾಡಗೀತೆಯ ಹಾಗೆ ಕೇಳಿಸಿತು.

ಪಾಠ ಹೇಳುವ ಮೇಷ್ಟ್ರು ಯಾರು? ಅನಂತ್ ನಾಗ್. ಇದು ನಮ್ಮ ಅಪ್ಪ, ಕಾಕಾಗಳ ಕಾಲದವರಿಗೆ ಗೊತ್ತಾಗುವ ಚಂದ. 1990ರ ‘ಗಣೇಶನ ಮದುವೆ’ಯಲ್ಲಿ ವಠಾರದ ಜಗಳದ ನಡುವೆ ಪ್ರೀತಿ ಮಾಡಿದ ಗಣೇಶ ಇದೇ ಅನಂತ್ ನಾಗ್. 1991ರ ‘ಗೌರಿ ಗಣೇಶ’ದಲ್ಲಿ ಸತ್ತ ಹೆಣ್ಣುಮಗಳೊಬ್ಬಳ ಡೈರಿ ಹಿಡಿದುಕೊಂಡು ಮೂವರು ದೊಡ್ಡ ಮನುಷ್ಯರಿಂದ ರೊಕ್ಕ ಕೀಳುವ ಲಂಬೋದರ ಇದೇ ಅನಂತ್ ನಾಗ್. ಎರಡನ್ನೂ ನಿರ್ದೇಶಿಸಿದ್ದು ಫಣಿ ರಾಮಚಂದ್ರ. ಅಂದರೆ ಕನ್ನಡ ತೆರೆಯ ಹಳೇ ಉಡಾಳನೇ ಈಗ ಕನ್ನಡ ಮೇಷ್ಟ್ರಾಗಿ ಹೊಸ ಉಡಾಳರಿಗೆ ಪಾಠ ಹೇಳುತ್ತಾನೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನೋಡಿದವರಿಗೆ ತಾನೇ ತಿಳಿಯುತ್ತದೆ. ಒಂದು ಕಾಲದ ಲಂಬೋದರ ಮುಂದೆ ಮೇಷ್ಟ್ರಾಗಬಹುದು ಅನ್ನುವುದಕ್ಕಿಂತ ದೊಡ್ಡ ಭರವಸೆ ಒಂದು ತಮಾಷೆ ಪಿಕ್ಚರ್‌ನಿಂದ ಇನ್ನೇನು ಬೇಕು?

ಇನ್ನು ಬೈಯುವ ಪಾಳಿ

ಕಾಲೇಜು, ಬೆಂಚು, ಮೇಷ್ಟ್ರು, ಕನ್ನಡ ಅಕ್ಷರ. ಇಷ್ಟು ಛಲೋ ಸರಕು ಕೈಯಲ್ಲಿ ಇಟ್ಟುಕೊಂಡು ಭಟ್ಟರು ಮಾಡಿದ್ದೇನು? ನಡುವೆಯೇ ಕ್ಲಾಸ್ ಬಿಟ್ಟರು! ಕಥೆ ಮೇಷ್ಟ್ರ ಕಳೆದುಹೋದ ಮಗನ ಹಿಂದೆ ಬಿತ್ತು, ಮಂದಿಯನ್ನು ಹಿಮದ ಗುಡ್ಡಕ್ಕೆ ಹತ್ತಿಸಿತು. ಕಝಾಕಿಸ್ತಾನದವರೆಗೂ ಹೋಗಿ ಶೂಟಿಂಗ್ ಮಾಡಿಕೊಂಡು ಬಂದರು. ಬಿಳಿ ಹಿಮ ಕಣ್ಣಿಗೆ ತಂಪು, ಅದು ಖರೇ. ಅನಂತ್ ನಾಗ್ ಅತ್ತರೆ ನಾವೂ ಅಳುತ್ತೇವೆ, ಅದೂ ಖರೇ. ಆದರೆ ನಲವತ್ತರ ಮನುಷ್ಯ ಬೆಂಚಿನ ಮೇಲೆ ಕೂತು ಒತ್ತಕ್ಷರದ ಜೊತೆ ಗುದ್ದಾಡುವುದರಲ್ಲಿ ಇದ್ದ ನಗುವೂ ನೋವೂ ಹಿಮದಲ್ಲಿ ಇಲ್ಲ. ದಿಗಂತ್ ಅಘೋರಿಯ ವೇಷದಲ್ಲಿ ನಗಿಸಿದರು, ಆದರೆ ವಿದ್ಯಾರ್ಥಿಯಾಗಿ ಇನ್ನೂ ಹೆಚ್ಚು ನಗಿಸಬಹುದಿತ್ತು.

ಅಭಿಮಾನಿಯ ತಕರಾರು ಇಷ್ಟೇ: ಭಟ್ಟರೇ, ಹುಡುಗರನ್ನು ಕ್ಲಾಸಿಗೆ ಕರಕೊಂಡು ಬಂದಿರಿ, ಪಾಠ ಮುಗಿಯುವವರೆಗೆ ಕೂರಿಸಬೇಕಿತ್ತು.

ಟಾಕೀಜಿನಲ್ಲಿ ನೋಡಿದವರು, ಆಮೇಲೆ ಬಸ್ಸಿನ ಸೀಟಿನಲ್ಲಿ ಮೊಬೈಲು ಹಿಡಿದು ನೋಡಿದವರು, ಇವರಲ್ಲಿ ಬಹಳ ಮಂದಿಯ ತಕರಾರು ಬೇರೆ. ‘ಈ ವಯಸ್ಸಿಗೆ ಯಾರಾದ್ರೂ ಕಾಲೇಜಿಗೆ ಹೋಗ್ತಾರೇನ್ರಿ? ಏನಾದ್ರೂ ಖರೇ ಅನಿಸಬೇಕಲ್ಲ!’ ಅಂತ. ಈ ಮಾತನ್ನು ಸ್ವಲ್ಪ ಕಟ್ಟಿಟ್ಟುಕೊಳ್ಳಿ, ಆಮೇಲೆ ಬಿಚ್ಚೋಣ.

ಉಳಿದ ಉಡಾಳರ ಗತಿ

ಸೋಮಾರಿಗಳ ಎರಡನೇ ಭಾಗ ಅಂದರೆ ‘ಗಾಳಿಪಟ’ವೊಂದೇ ಅಲ್ಲ. 2009ರಲ್ಲಿ ಗುರುಪ್ರಸಾದ್ ‘ಎದ್ದೇಳು ಮಂಜುನಾಥ’ ಮಾಡಿದರು. ಜಗ್ಗೇಶ್ ಅವರ ಮಂಜ ಕನ್ನಡ ತೆರೆ ಕಂಡ ದೊಡ್ಡ ಸೋಮಾರಿ. ದುಡಿಯದೆ, ಸುಳ್ಳು ಹೇಳಿ, ಸಾಲ ಮಾಡಿ, ಕಟ್ಟಿಕೊಂಡ ಹೆಂಡತಿಯನ್ನೂ ದಣಿಸುವ ಮನುಷ್ಯ. ನಗುತ್ತಾ ನೋಡಿದರೂ ಮನೆಗೆ ಹೋಗುವಾಗ ಎದೆಯಲ್ಲಿ ಏನೋ ಚುಚ್ಚುತ್ತಿತ್ತು. ಅದರ ಎರಡನೇ ಭಾಗ ಬಂದದ್ದು 2025ರ ಫೆಬ್ರವರಿಯಲ್ಲಿ. ಅದರಲ್ಲಿ ಜಗ್ಗೇಶ್ ಇಲ್ಲ. ಗುರುಪ್ರಸಾದ್ ತಾವೇ ಮುಂದೆ ನಿಂತು ನಟಿಸಿದ್ದರು. ತೆರೆಗೆ ಬರುವ ಹೊತ್ತಿಗೆ ಅವರೂ ಇಲ್ಲ. 2024ರ ನವೆಂಬರ್‌ನಲ್ಲಿ ತೀರಿಕೊಂಡಿದ್ದರು. ಅದನ್ನು ತಮಾಷೆ ಪಿಕ್ಚರ್ ಅಂತ ನೋಡಲು ಮನಸ್ಸೇ ಬರುವುದಿಲ್ಲ.

ಇನ್ನೊಂದು, 2014ರ ‘ಅಧ್ಯಕ್ಷ’. ಶರಣ್ ಮತ್ತು ಚಿಕ್ಕಣ್ಣ. ಕೆಲಸವಿಲ್ಲದ ಹುಡುಗರು ಸಂಘ ಕಟ್ಟಿಕೊಂಡು ಊರ ಉಸಾಬರಿ ಮಾಡುವ ಕಥೆ. ನಮ್ಮ ಓಣಿಗಳಲ್ಲಿ ಗಣಪತಿ ಬಂದಾಗ ಹುಟ್ಟಿ ವಿಸರ್ಜನೆಯ ಮರುದಿನ ಮಲಗುವ ಸಂಘಗಳನ್ನು ಕಂಡವರಿಗೆ ಅದು ನಮ್ಮೂರಿನ ಕಥೆಯೇ. 2024ರ ಜನವರಿ 26ಕ್ಕೆ ಅದರ ಮುಂದಿನ ಭಾಗ ‘ಉಪಾಧ್ಯಕ್ಷ’ ಬಂತು. ಸೈಡಿನಲ್ಲಿ ನಗಿಸುತ್ತಿದ್ದ ಚಿಕ್ಕಣ್ಣ ಹೀರೋ ಆದರು. ಅಧ್ಯಕ್ಷನ ಹಿಂದೆ ನಿಂತವನಿಗೂ ಒಂದು ಪಾಳಿ ಬರುತ್ತದೆ ಅಂತ ಮಂದಿ ಸೀಟಿ ಹೊಡೆದರು.

ಇವೆಲ್ಲದರಲ್ಲಿ ಉಡಾಳನಿಗೆ ಒಂದೋ ಬೈಗುಳ ಸಿಗುತ್ತದೆ, ಇಲ್ಲವೇ ಹುಡುಗಿ ಸಿಗುತ್ತಾಳೆ. ‘ಎದ್ದೇಳಪ್ಪಾ’ ಅಂತ ಎಬ್ಬಿಸುತ್ತಾರೆ. ಎದ್ದ ಮೇಲೆ ಎಲ್ಲಿಗೆ ಹೋಗಬೇಕು ಅಂತ ಹೇಳುವುದಿಲ್ಲ. ‘ಗಾಳಿಪಟ 2’ ಅರ್ಧಕ್ಕೇ ಬಿಟ್ಟರೂ ಒಂದು ಜಾಗ ತೋರಿಸಿತು: ಕ್ಲಾಸಿನ ಬೆಂಚು. ಈ ಅಂಕಣಕಾರನ ಅಭಿಮಾನಕ್ಕೆ ಕಾರಣ ಇದೇ.

ಈಗ ನಮ್ಮ ಕಟ್ಟೆಗೆ ಬರ್ರಿ

ಕಟ್ಟಿಟ್ಟ ಮಾತು ಬಿಚ್ಚುವ ಹೊತ್ತು ಬಂತು. ‘ಈ ವಯಸ್ಸಿಗೆ ಯಾರು ಕಾಲೇಜಿಗೆ ಹೋಗ್ತಾರ?’

ಮೊದಲು ಲೆಕ್ಕ ನೋಡೋಣ. ಲೆಕ್ಕ ಅಂದರೆ ಬಜಾರಿನ ಮಂದಿ ಕಿವಿ ಕೊಡುತ್ತಾರೆ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸಾಕ್ಷರತೆ 100ಕ್ಕೆ 51.83. ಇಡೀ ಕರ್ನಾಟಕದಲ್ಲಿ ಕೊನೆ. ರಾಜ್ಯದ ಲೆಕ್ಕ 75.36. ಆಮೇಲೆ ಏನಾದರೂ ಸುಧಾರಿಸಿತೇ? 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಮೊದಲ ಸುತ್ತಿನಲ್ಲಿ ಉಡುಪಿ 94 ತೆಗೆದು ಮೇಲೆ ಕೂತಿತು, ಯಾದಗಿರಿ 50.59 ತೆಗೆದು ಕೆಳಗೆ ಕೂತಿತು. 2025ರ ದ್ವಿತೀಯ ಪಿಯುಸಿಯಲ್ಲಿ ಉಡುಪಿ 93.90, ಯಾದಗಿರಿ 48.45. ಮತ್ತೆ ಅದೇ ಉಡುಪಿ ಮೇಲೆ, ಅದೇ ನಾವು ಕೆಳಗೆ.

ಅಂದರೆ ಇಬ್ಬರು ಹುಡುಗರು ಪರೀಕ್ಷೆಗೆ ಕೂತರೆ ಒಬ್ಬ ಒಳಗೆ, ಒಬ್ಬ ಹೊರಗೆ. ಆ ಹೊರಗಾದವನು ಎಲ್ಲಿಗೆ ಹೋಗುತ್ತಾನೆ? ರಿಸಲ್ಟಿನ ಮರುದಿನ ಪೇಪರು ಉಡುಪಿಯ ಹುಡುಗಿಗೆ ಸಿಹಿ ತಿನ್ನಿಸುವ ಫೋಟೋ ಹಾಕುತ್ತದೆ. ಅಧಿಕಾರಿಗಳು ಮೀಟಿಂಗು ಕರೆದು ಕಾರಣ ಕೇಳುತ್ತಾರೆ. ಶಿಕ್ಷಕರ ಹುದ್ದೆ ಖಾಲಿ, ಹತ್ತಿ ಬಿಡಿಸುವ ಕಾಲಕ್ಕೆ ಮಕ್ಕಳು ಹೊಲದಲ್ಲಿ, ತಾಯಿ ತಂದೆ ಗುಳೆ ಹೋದರೆ ಮಕ್ಕಳೂ ಹಿಂದೆ. ಈ ಕಾರಣಗಳು ಎಲ್ಲರಿಗೂ ಬಾಯಿಪಾಠ. ಮುಂದಿನ ವರ್ಷದ ಮಕ್ಕಳ ಬಗ್ಗೆ ಯೋಜನೆ ಆಗುತ್ತದೆ. ಆಗಲಿ, ಬೇಡ ಅನ್ನುವವರು ಯಾರು? ಆದರೆ ಈ ವರ್ಷ ಹೊರಗೆ ಬಿದ್ದವನ ಬಗ್ಗೆ, ಹೋದ ವರ್ಷ ಬಿದ್ದವನ ಬಗ್ಗೆ, ಹದಿನೈದು ವರ್ಷದ ಹಿಂದೆ ಬಿದ್ದು ಈಗ ಎರಡು ಮಕ್ಕಳ ತಂದೆಯಾದವನ ಬಗ್ಗೆ ಒಂದು ಮೀಟಿಂಗೂ ಇಲ್ಲ.

ಅವನು ಎಲ್ಲಿದ್ದಾನೆ ಅಂತ ತೋರಿಸಲೇನು? ರಾತ್ರಿ ಯಾದಗಿರಿ ಸ್ಟೇಷನ್ನಿನಲ್ಲಿ ಬೆಂಗಳೂರು ಕಡೆಯ ಗಾಡಿಗೆ ಚೀಲ ಹಿಡಿದು ಜನರಲ್ ಬೋಗಿಯ ಮುಂದೆ ನಿಂತಿದ್ದಾನೆ, ಅಲ್ಲಿ ಕಟ್ಟಡದ ಕೆಲಸ. ಶಹಾಪುರದ ಬಜಾರಿನಲ್ಲಿ ಕಿರಾಣಿ ಅಂಗಡಿಯ ಚೀಲ ಎತ್ತುತ್ತಿದ್ದಾನೆ. ಸುರಪುರದ ಬಸ್ ಸ್ಟ್ಯಾಂಡ್ ಮುಂದೆ ಟಂಟಂ ನಿಲ್ಲಿಸಿ ‘ಬರ್ರಿ ಬರ್ರಿ, ಒಂದೇ ಸೀಟ್’ ಅಂತ ಕೂಗುತ್ತಿದ್ದಾನೆ. ಕೆಲಸ ಇಲ್ಲದ ದಿನ ಕಟ್ಟೆಯ ಮೇಲೆ ಕೂತಿದ್ದಾನೆ. ಕೆಲಸ ಮಾಡಿದ ದಿನ ಯಾರ ಕಣ್ಣಿಗೂ ಬೀಳದವನು ಕಟ್ಟೆಗೆ ಕೂತ ದಿನ ಮಾತ್ರ ಎಲ್ಲರ ಕಣ್ಣಿಗೆ ಬಿದ್ದು ‘ಉಡಾಳ’ ಆಗುತ್ತಾನೆ. ಇದು ಯಾವ ಊರಿನ ನ್ಯಾಯ ಸ್ವಾಮಿ?

ಈ ಸಾಲು ಬರೆಯುವವನೂ ಪಿಯುಸಿ ನಡುವೆ ಬಿಟ್ಟವನೇ. ಹಾಗಾಗಿ ‘ಮತ್ತೆ ಬರೀಬೇಕು’ ಅನ್ನುವ ಆಸೆ ಯಾವ ಹೊತ್ತಿಗೆ ಬರುತ್ತದೆ, ಯಾವ ಹೊತ್ತಿಗೆ ಆರಿಹೋಗುತ್ತದೆ ಅನ್ನುವುದು ಕೇಳಿ ತಿಳಿದ ಸುದ್ದಿಯಲ್ಲ.

371 ಜೆ ಮತ್ತು ಒಂದು ಹಾಳೆ

ನಮ್ಮ ಭಾಗಕ್ಕೆ ಸಂವಿಧಾನದ 371 ಜೆ ಬಂತು. ಸಂಸತ್ತು 2012ರ ಡಿಸೆಂಬರ್‌ನಲ್ಲಿ ಒಪ್ಪಿತು, 2013ರಿಂದ ಜಾರಿ. ಅದಕ್ಕಾಗಿ ಎಷ್ಟು ಜನ ಎಷ್ಟು ವರ್ಷ ಬಡಿದಾಡಿದರು ಅನ್ನುವುದು ಹಿರಿಯರಿಗೆ ಗೊತ್ತು. ಕಲ್ಯಾಣ ಕರ್ನಾಟಕದ ಸ್ಥಳೀಯ ಹುದ್ದೆಗಳಲ್ಲಿ ಸಿ ದರ್ಜೆಗೆ 100ಕ್ಕೆ 80, ಡಿ ದರ್ಜೆಗೆ 85 ನಮ್ಮವರಿಗೇ ಅಂತ ಮೀಸಲು. ಕೇಳಲು ಎಷ್ಟು ಚಂದ!

ಆದರೆ ಆ ಬಾಗಿಲಲ್ಲಿ ಒಬ್ಬ ಕಾವಲುಗಾರ ನಿಂತಿದ್ದಾನೆ. ಅವನು ಕೇಳುವುದು ಒಂದೇ ಹಾಳೆ, ಅಂಕಪಟ್ಟಿ. ಗ್ರಾಮ ಆಡಳಿತ ಅಧಿಕಾರಿ ಆಗಬೇಕೆಂದರೆ ಪಿಯುಸಿ. ನೀವು ಈಗ ಕೂತ ಸರ್ಕಾರಿ ಬಸ್ಸಿನ ಚಾಲಕನ ಹುದ್ದೆಗೂ ಎಸ್ಸೆಸ್ಸೆಲ್ಸಿ. ಇಪ್ಪತ್ತು ವರ್ಷ ಟ್ರ್ಯಾಕ್ಟರು, ಲಾರಿ ಓಡಿಸಿದವನ ಕೈಯಲ್ಲಿ ಸ್ಟೀರಿಂಗು ಇದೆ, ಹಾಳೆ ಇಲ್ಲ. ಅಂಥವನಿಗೆ 371 ಜೆ ಅಂದರೆ ಬರೀ ಒಂದು ಅಂಕಿ, ಒಂದು ಅಕ್ಷರ. ಮದುವೆ ಊಟಕ್ಕೆ ಕರೆದು ಎಲೆ ಮಾತ್ರ ಮನೆಯಿಂದ ತರಬೇಕು ಅಂದ ಹಾಗಾಯಿತು.

ದಾರಿ ಇಲ್ಲವೇ? ಇದೆ!

ಸರ್ಕಾರ ದಾರಿಯನ್ನೇ ಮಾಡಿಲ್ಲ ಅಂತ ಸುಳ್ಳು ಹೇಳುವುದು ಬೇಡ. ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಒಂದರಲ್ಲಿ ಹೋದರೆ ಇನ್ನೊಂದು. ಶಾಲೆ ಬಿಟ್ಟು ವರ್ಷಗಳಾದವನು ಖಾಸಗಿ ಅಭ್ಯರ್ಥಿಯಾಗಿ ಅರ್ಜಿ ಹಾಕಬಹುದು. ಮುಕ್ತ ಶಾಲೆಯ ದಾರಿಯೂ ಇದೆ. ಕಾಗದದ ಮೇಲೆ ಬಾಗಿಲು ತೆರೆದಿದೆ.

ಆದರೆ ಬಾಗಿಲಿಗೆ ಮುಟ್ಟುವ ರಸ್ತೆ ಯಾವುದು? ಅರ್ಜಿ ಎಲ್ಲಿ ಸಿಗುತ್ತದೆ, ಯಾವ ತಿಂಗಳಲ್ಲಿ ಕೊನೆಯ ದಿನ, ಯಾವ ಶಾಲೆಯಲ್ಲಿ ಕೊಡಬೇಕು ಅನ್ನುವುದು ಚೀಲ ಎತ್ತುವವನಿಗೆ ಯಾರು ಹೇಳುತ್ತಾರೆ? ಹೇಳಿದರೂ ಪಾಠ ಯಾರು ಮಾಡುತ್ತಾರೆ? ಹತ್ತು ವರ್ಷ ಪುಸ್ತಕ ಮುಟ್ಟದವನಿಗೆ ಇಂಗ್ಲಿಷು, ಗಣಿತ ಅಂದರೆ ಕತ್ತಲಲ್ಲಿ ಕಾಲಿಟ್ಟ ಹಾಗೆ. ಪಾಠ ಇದ್ದರೂ ಯಾವ ಹೊತ್ತಿಗೆ? ಹಗಲು ಅವನು ದುಡಿಯಬೇಕು. ಹಗಲು ಬಿಟ್ಟರೆ ಕೂಲಿ ಹೋಯಿತು, ರಾತ್ರಿ ಬಂದರೆ ಕ್ಲಾಸಿಲ್ಲ.

ಇದೆಲ್ಲದರ ಮೇಲೆ ಇನ್ನೊಂದು ಇದೆ, ನಾಚಿಕೆ. ನಾವು ಯಾರೂ ಲೆಕ್ಕಕ್ಕೆ ಹಿಡಿಯದ ಖರ್ಚು ಅದು. ಮೂವತ್ತೈದರ ಮನುಷ್ಯ ಹತ್ತನೇ ಕ್ಲಾಸಿನ ಪುಸ್ತಕ ಕೈಯಲ್ಲಿ ಹಿಡಿದರೆ ಓಣಿಯ ಮಂದಿ ಏನಂತಾರೆ? ‘ಏನೋ ಮಾರಾಯಾ, ಮಗನ ಜೋಡಿ ಸಾಲಿಗಿ ಹೊಂಟೀ ಏನು?’ ಒಂದೇ ಮಾತು, ನಗು ನಗುತ್ತಾ ಆಡಿದ ಮಾತು. ಅವನ ಪುಸ್ತಕ ಅಟ್ಟ ಸೇರಲು ಅಷ್ಟು ಸಾಕು. ‘ಗಾಳಿಪಟ 2’ ನೋಡಿ ‘ಈ ವಯಸ್ಸಿಗೆ ಕಾಲೇಜೇನ್ರಿ’ ಅಂತ ನಕ್ಕ ಬಾಯಿಗಳೇ ಇಲ್ಲೂ ನಗುವುದು. ಪಿಕ್ಚರಿಗೆ ಆ ನಗುವಿನಿಂದ ನಷ್ಟ ಇಲ್ಲ, ಟಿಕೆಟಿನ ರೊಕ್ಕ ಮೊದಲೇ ಕೊಟ್ಟಾಗಿದೆ. ನಷ್ಟ ಎಲ್ಲ ಓಣಿಯವನದು.

ನೆರೆಮನೆಯ ಸುದ್ದಿ

‘ಆಗೋದಲ್ಲ ಹೋಗೋದಲ್ಲ’ ಅನ್ನುವವರು ಕೇರಳದ ಕಡೆ ನೋಡಲಿ. ಅಲಪ್ಪುಳ ಜಿಲ್ಲೆಯ ಕಾರ್ತ್ಯಾಯನಿ ಅಮ್ಮ ಅನ್ನುವ ಅಜ್ಜಿ 2018ರಲ್ಲಿ, 96ನೇ ವಯಸ್ಸಿನಲ್ಲಿ, ಸಾಕ್ಷರತಾ ಪರೀಕ್ಷೆ ಬರೆದು 100ಕ್ಕೆ 98 ಅಂಕ ತೆಗೆದರು. ಮುಂದೆ ಕೇಂದ್ರ ಸರ್ಕಾರ ನಾರೀಶಕ್ತಿ ಪುರಸ್ಕಾರ ಕೊಟ್ಟಿತು. 2023ರಲ್ಲಿ ತೀರಿಕೊಂಡರು. ಅಜ್ಜಿಯ ಸಾಹಸ ದೊಡ್ಡದು. ಆದರೆ ಅಜ್ಜಿಯ ಹಿಂದೆ ಒಂದು ವ್ಯವಸ್ಥೆ ಇತ್ತು. ಕೇರಳದ ಸಾಕ್ಷರತಾ ಮಿಷನ್ನು ಅಕ್ಷರ ಕಲಿಸಿ ಕೈ ತೊಳೆದುಕೊಳ್ಳುವುದಿಲ್ಲ. ನಾಲ್ಕನೇ ಕ್ಲಾಸು, ಏಳನೇ ಕ್ಲಾಸು, ಹತ್ತು, ಹನ್ನೆರಡು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ‘ತುಲ್ಯತಾ’ ಪರೀಕ್ಷೆ ನಡೆಸುತ್ತದೆ. ದುಡಿಯುವ ಮಂದಿಗೆ ಅನುಕೂಲವಾಗಲಿ ಎಂದು ರಜಾದಿನಗಳಲ್ಲಿ ಕ್ಲಾಸು.

ಆಫ್ರಿಕಾದ ಕೀನ್ಯಾದಲ್ಲಿ ಕಿಮಾನಿ ಮರೂಗೆ ಅನ್ನುವ ಮುದುಕ 2004ರಲ್ಲಿ, 84ರ ವಯಸ್ಸಿನಲ್ಲಿ, ಯೂನಿಫಾರ್ಮ್ ಹಾಕಿಕೊಂಡು ಒಂದನೇ ಕ್ಲಾಸಿಗೆ ಹೋದ. ಅವನ ಮೇಲೆ ಪಿಕ್ಚರೇ ಬಂತು. 84ರವನಿಗೆ ಒಂದನೇ ಕ್ಲಾಸಿನಲ್ಲಿ ಜಾಗ ಸಿಕ್ಕಿತೆಂದರೆ, ನಮ್ಮ 34ರವನಿಗೆ ಹತ್ತನೇ ಕ್ಲಾಸಿನಲ್ಲಿ ಒಂದು ಬೆಂಚು ಸಿಗಬಾರದೇ?

‘ಬರೋದಿಲ್ರಿ ಅವ್ರು’ ಅನ್ನುವವರಿಗೆ

ಕೆಲವು ದೊಡ್ಡವರ ವಾದ ಹೀಗಿದೆ: ‘ಕ್ಲಾಸು ಇಟ್ರೂ ಇವ್ರು ಬರೋದಿಲ್ರಿ. ಕಟ್ಟೀ ಬಿಟ್ಟು ಏಳೋ ಮಂದಿನೇ ಅಲ್ಲ.’ ಇಟ್ಟು ನೋಡಿ ಆಮೇಲೆ ಹೇಳಿದರೆ ಒಪ್ಪಬಹುದು. ಅಂಗಡಿಯನ್ನೇ ತೆರೆಯದೆ ಗಿರಾಕಿ ಬರಲಿಲ್ಲ ಅಂತ ಯಾವ ಸೌಕಾರನಾದರೂ ಹೇಳುತ್ತಾನೆಯೇ?

ಇನ್ನೊಂದು ವಾದ: ‘ಮೂವತ್ತೈದಕ್ಕ ಪಾಸಾಗಿ ಏನ್ ಮಾಡ್ತಾನ? ನೌಕರಿ ವಯಸ್ಸು ಮುಗಿದಿರ್ತದ.’ ಎಲ್ಲರಿಗೂ ಸರ್ಕಾರಿ ನೌಕರಿ ಸಿಗುವುದಿಲ್ಲ, ನಿಜ. ಆದರೆ ಹಾಳೆಯ ಉಪಯೋಗ ನೌಕರಿ ಒಂದೇ ಅಲ್ಲ. ಬ್ಯಾಂಕಿನಲ್ಲಿ ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಬದಲು ಓದಿ ಸಹಿ ಹಾಕುತ್ತಾನೆ. ಬೆಂಗಳೂರಿನ ಗುತ್ತಿಗೆದಾರ ತೋರಿಸಿದ ಲೆಕ್ಕವನ್ನು ತಾನೇ ಕೂಡಿಸಿ ನೋಡುತ್ತಾನೆ. ಎಲ್ಲಕ್ಕಿಂತ ದೊಡ್ಡದು, ಅಪ್ಪ ರಾತ್ರಿ ಪುಸ್ತಕ ತೆರೆದ ಮನೆಯಲ್ಲಿ ಮಗ ಪುಸ್ತಕ ಮುಚ್ಚುವುದಿಲ್ಲ. ಮುಂದಿನ ವರ್ಷದ ರಿಸಲ್ಟು ಸುಧಾರಿಸಬೇಕು ಅನ್ನುವ ಸಾಹೇಬರು ಇದನ್ನೂ ತಮ್ಮ ಯೋಜನೆಯಲ್ಲಿ ಬರೆದುಕೊಳ್ಳಲಿ.

ಕೇಳುವುದು ಬಹಳಿಲ್ಲ

ಹಿಮದ ಗುಡ್ಡ ಬೇಡ, ಕಝಾಕಿಸ್ತಾನ ಬೇಡ. ಯಾದಗಿರಿ, ಶಹಾಪುರ, ಸುರಪುರ, ಈ ಮೂರು ಊರುಗಳಲ್ಲಿ ತಲಾ ಒಂದು ಸರ್ಕಾರಿ ಪ್ರೌಢಶಾಲೆಯ ಎರಡು ಕೋಣೆ ಸಂಜೆ ಏಳರಿಂದ ಒಂಬತ್ತರವರೆಗೆ ತೆರೆದಿರಲಿ. ಕಟ್ಟಡ ಈಗಾಗಲೇ ಇದೆ, ಬೆಂಚು ಇದೆ, ಲೈಟು ಇದೆ. ಸಂಜೆಯಾದ ಮೇಲೆ ಕೀಲಿ ಹಾಕಿಕೊಂಡು ಮಲಗಿರುತ್ತವೆ. ಪಾಠಕ್ಕೆ ನಿವೃತ್ತ ಮಾಸ್ತರುಗಳನ್ನು ಗೌರವಧನ ಕೊಟ್ಟು ಕರೆಯಲಿ. ಸಂಜೆ ಗಾಂಧಿ ಚೌಕದವರೆಗೆ ನಡೆದು ಬಂದು ಪೇಪರು ಓದಿ ಹೋಗುವ ಎಷ್ಟೋ ಹಿರಿಯರು ‘ನಮ್ಮನ್ನ ಯಾರೂ ಕರೆಯೋದೇ ಇಲ್ಲ’ ಅಂತಾರೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಲ್ಲಿ ರಸ್ತೆಗೆ, ಕಟ್ಟಡಕ್ಕೆ ಇಡುವುದರಲ್ಲಿ ಇದಕ್ಕೆ ಬೇಕಾಗುವುದು ಹುರಿಗಡಲೆಯಷ್ಟು.

ಕಲ್ಯಾಣ ಕರ್ನಾಟಕ ಸಾರಿಗೆಯವರಿಗೂ ಒಂದು ಮಾತು. ಒಂಬತ್ತಕ್ಕೆ ಕ್ಲಾಸು ಬಿಟ್ಟರೆ ಹಳ್ಳಿಗೆ ಹೋಗುವವನಿಗೆ ಒಂಬತ್ತೂವರೆಗೆ ಒಂದು ಬಸ್ಸು ಬೇಕು. ಅದಿಲ್ಲದಿದ್ದರೆ ಕ್ಲಾಸು ಊರೊಳಗಿನವರಿಗೆ ಮಾತ್ರ ಆಗುತ್ತದೆ. ಈ ಅಂಕಣ ಓದುತ್ತಾ ಬಸ್ಸಿನಲ್ಲಿ ಕೂತ ಅಣ್ಣಾರಿಗೆ, ಅಕ್ಕಾರಿಗೆ ರಾತ್ರಿ ಬಸ್ಸಿನ ಸಂಕಟ ಹೊಸದಾಗಿ ಹೇಳಬೇಕಿಲ್ಲ.

ಕೊನೆಯ ಮಾತು ಬಜಾರಿನ ಸೌಕಾರರಿಗೆ. ನಿಮ್ಮ ಅಂಗಡಿಯಲ್ಲಿ ಚೀಲ ಎತ್ತುವ, ತೂಕ ಮಾಡುವ, ಸಾಮಾನು ಮನೆಗೆ ಮುಟ್ಟಿಸುವ ಹುಡುಗನನ್ನು ಒಮ್ಮೆ ಕೇಳಿ ನೋಡಿ: ‘ಎಷ್ಟನೇತ್ತಾ ಮಟ ಓದೀ ತಮ್ಮಾ? ಯಾವ ಸಬ್ಜೆಕ್ಟ್ ಉಳಿದದ?’ ಅವನು ಉತ್ತರ ಕೊಟ್ಟರೆ ಸಂಜೆ ಏಳಕ್ಕೆ ಅವನನ್ನು ಬಿಟ್ಟುಕೊಡಿ. ದಿನಕ್ಕೆ ಎರಡು ತಾಸು. ಪಗಾರ ಮುರಿಯಬೇಡಿ. ಪರೀಕ್ಷೆಯ ಫೀಸು ನೀವೇ ಕಟ್ಟಿದರೆ ಇನ್ನೂ ಛಲೋ. ಮೈಲಾರಲಿಂಗನ ಜಾತ್ರೆಗೆ, ಗಣಪತಿಯ ಪೆಂಡಾಲಿಗೆ ಪಟ್ಟಿ ಕೊಡುವ ಕೈ ಇದಕ್ಕೆ ಹಿಂದೆ ಸರಿಯಲಾರದು ಅಂತ ನಂಬಿಕೆ. ಲೆಕ್ಕ ಬಲ್ಲ ಆಳು ನಿಮ್ಮ ಅಂಗಡಿಗೂ ಲಾಭವೇ.

ಯೋಗರಾಜ ಭಟ್ಟರು ಮೂರು ಮಂದಿ ನಡುವಯಸ್ಸಿನ ಉಡಾಳರನ್ನು ಕ್ಲಾಸಿಗೆ ಕಳಿಸಿ ನಮ್ಮನ್ನು ನಗಿಸಿದರು. ನಡುವೆ ಕ್ಲಾಸು ಬಿಡಿಸಿಕೊಂಡು ಹೋದರು ಅಂತ ನಾವು ಅವರನ್ನು ಬೈದೆವು. ಬೈಯುವ ಹಕ್ಕು ನಮಗೆ ಇರಬೇಕೆಂದರೆ ನಾವಾದರೂ ನಮ್ಮವರನ್ನು ಕ್ಲಾಸು ಮುಗಿಯುವವರೆಗೆ ಕೂರಿಸಬೇಕು. ಖಾಸಗಿ ಅಭ್ಯರ್ಥಿಗಳ ಮುಂದಿನ ಅರ್ಜಿ ಯಾವಾಗ, ಎಲ್ಲಿ ಅನ್ನುವುದನ್ನು ಶಿಕ್ಷಣ ಇಲಾಖೆಯವರು ಮೂರೂ ಬಸ್ ಸ್ಟ್ಯಾಂಡಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿ ಹಾಕಲಿ. ಅಷ್ಟಾದರೂ ಈ ತಿಂಗಳೇ ಮಾಡಬಹುದು. ಅದಕ್ಕೆ ಮಂಜೂರಾತಿ ಬೇಕಿಲ್ಲ, ಒಂದು ಡಬ್ಬಿ ಬಣ್ಣ, ಒಂದು ಬ್ರಷ್ ಸಾಕು.